ಮೊಂಡಿಯ ಕೈಲಿದ್ದ ಮೂರನೇ ಕೀಲಿ

ವರ್ಷಗಟ್ಟಲೆ ಕೂಡಿಟ್ಟ ದುಡ್ಡನ್ನು ಎದೆಗವಚಿಕೊಂಡು ಅಂಗಡಿಗೆ ಹೋದರೆ ಅಂಗಡಿಯವನು ಏನನ್ನಬೇಕು? "ಅಯ್ಯೋ, ಅದು ಹಳೇ ರೇಟು ಕಣಮ್ಮಾ!" ಈ ಮಾತು ಕೇಳದ ಮನೆ ಯಾವುದಿದೆ ಹೇಳಿ.

ಬೀಗ ರಿಪೇರಿಯವನ ಮಗಳೂ ಇದನ್ನೇ ಕೇಳಿಸಿಕೊಂಡು ಬರಿಗೈಯಲ್ಲಿ ಮನೆಗೆ ಬಂದಳು. ಹದಿನಾರರ ಹುಡುಗಿ. ಹಿಡಿದದ್ದನ್ನು ಬಿಡದ ಸ್ವಭಾವ ನೋಡಿ ಅಪ್ಪನೇ ಇಟ್ಟ ಹೆಸರು ಮೊಂಡಿ. ಶಾಲೆ ಮುಗಿಸಿ ಬಂದು ಅಪ್ಪನ ಅಂಗಡಿಯಲ್ಲಿ ಕೂತು ಅರದಿಂದ ಉಜ್ಜಿ ಉಜ್ಜಿ ನಕಲಿ ಕೀಲಿ ಮಾಡುತ್ತಾಳೆ; ಆ ಕೂಲಿಯಲ್ಲಿ ಅರ್ಧ ಅವಳದು. ಹೆಬ್ಬೆರಳು ಆಗಲೇ ಜಡ್ಡುಗಟ್ಟಿದೆ. ಕರೆಂಟಿನ ಕೀಲಿ ಕತ್ತರಿಸುವ ಮಿಷನ್ ಒಂದು ಕೊಂಡು, ಬಸ್ ನಿಲ್ದಾಣದ ಮೂಲೆಯಲ್ಲಿ ತನ್ನದೇ ಮೇಜು ಹಾಕಬೇಕು ಎನ್ನುವುದು ಅವಳ ಆಸೆ. ಕೂಡಿಟ್ಟದ್ದೆಲ್ಲ ಅದಕ್ಕೇ.

"ಹೋಗ್ಲಿ ಬಿಡು. ವಾಪಸ್ ಪೆಟ್ಟಿಗೇಲಿಡು, ಇನ್ನೊಂದು ವರ್ಷ ಕೂಡಿಹಾಕು," ಎಂದ ಅಪ್ಪ.

ಆ ಪೆಟ್ಟಿಗೆಯ ವಿಷಯ ಹೇಳಲೇಬೇಕು. ಮಂಚದ ಕೆಳಗಿನ ಕಬ್ಬಿಣದ ಪೆಟ್ಟಿಗೆ, ಅಪ್ಪ ತನ್ನ ಕೈಯಾರೆ ಮಾಡಿದ್ದು. ಅದಕ್ಕೆ ಮೂರು ಬೀಗ, ಮೂರು ಕೀಲಿ: ಒಂದು ಅಪ್ಪನ ಹತ್ತಿರ, ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅಮ್ಮನ ಹತ್ತಿರ, ಇನ್ನೊಂದು ಮೊಂಡಿಯ ಹತ್ತಿರ. ಮೂವರೂ ಒಟ್ಟಿಗೆ ಕೂತರೆ ಮಾತ್ರ ಅದು ತೆರೆಯುತ್ತದೆ. ಒಬ್ಬರ ದುಡ್ಡಿಗೆ ಇನ್ನೊಬ್ಬರು ಕೈ ಹಾಕಬಾರದೆಂದು ಅಪ್ಪ ಮಾಡಿದ ಏರ್ಪಾಡು. ಬಂದ ಗಿರಾಕಿಗಳಿಗೆಲ್ಲ ಅವನದು ಒಂದೇ ಜಂಬ: "ಕೀ ಇಲ್ದೆ ಆ ಬೀಗ ತೆಗೆಯೋನು ಇನ್ನೂ ಹುಟ್ಟಿಲ್ಲ!"

ಮೊಂಡಿ ದುಡ್ಡನ್ನು ವಾಪಸ್ಸೇನೋ ಇಟ್ಟಳು. ಆದರೆ ಮಿಷನ್ನಿನ ಆಸೆ ಬಿಡಲಿಲ್ಲ.

ಮಾರನೆಯ ದಿನವೇ ಅಪ್ಪನಿಗೊಂದು ಕರೆ ಬಂತು. ಹತ್ತಿರದ ಕಟ್ಟಡವೊಂದರ ಮೂರನೇ ಮಹಡಿಯ ಮನೆಯಾಕೆ ಕೀಲಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಿದ್ದರು. ಅಪ್ಪ ಬಾಗಿಲ ಮುಂದೆ ಮೊಣಕಾಲೂರಿ ಕೂತ, ಮೊಂಡಿ ಟಾರ್ಚ್ ಹಿಡಿದಳು. ತರಕಾರಿ ಚೀಲ ಪಕ್ಕಕ್ಕಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದ ಆಕೆಯ ಕೊರಳಲ್ಲಿ ಬ್ಯಾಂಕಿನ ಗುರುತಿನ ಚೀಟಿ ನೇತಾಡುತ್ತಿತ್ತು.

"ಅಕ್ಕಾ, ನೀವು ಬ್ಯಾಂಕಲ್ಲಿರೋದಾ?"

"ಹೌದಮ್ಮಾ, ಕೌಂಟರಲ್ಲಿ. ಬ್ಯಾಂಕಿನ ಕೀ ಎಲ್ಲಾ ಜೋಪಾನ ಮಾಡ್ತೀನಿ, ನನ್ನ ಮನೇದು ಮಾತ್ರ ಹೀಗೆ. ನೋಡು ನನ್ನ ಬುದ್ಧಿ!"

"ನನ್ನ ವಯಸ್ಸಿನೋರ್ಗೂ ಖಾತೆ ಕೊಡ್ತಾರಾ?"

"ಯಾಕೆ ಕೊಡಲ್ಲ? ಹದಿನೆಂಟು ತುಂಬೋವರೆಗೆ ಬಹಳ ಕಡೆ ಅಪ್ಪನೋ ಅಮ್ಮನೋ ಜೊತೆಗೆ ಸಹಿ ಹಾಕ್ಬೇಕು, ಅಷ್ಟೇ. ಆದ್ರೆ ನೆಟ್ಟಗೆ ನಮ್ಮ ಬ್ಯಾಂಕಿಗೇ ಬಂದ್ಬಿಡಬೇಡ. ನಮ್ಮಲ್ಲಿ ಮಾಮೂಲಿ ಉಳಿತಾಯ ಖಾತೆಗೆ ನೂರಕ್ಕೆ ವರ್ಷಕ್ಕೆ ಎರಡು ಬಡ್ಡಿ. ಪಕ್ಕದ ಬೀದಿಯೋರು ನಿಮ್ಮಂಥ ಹುಡುಗರಿಗೇ ಅಂತ ಐದು ಕೊಡ್ತಾರೆ."

ಅಪ್ಪ ಬೀಗದ ಕಡೆಯಿಂದ ಮುಖ ತಿರುಗಿಸದೆಯೇ ನಕ್ಕ. "ತನ್ನ ಅಂಗಡಿ ಮಾಲನ್ನ ತಾನೇ ಬೈಯೋರನ್ನ ಇವತ್ತೇ ನೋಡಿದ್ದು!"

"ಇರೋದನ್ನ ಹೇಳ್ದೆ ಅಣ್ಣಾ. ಮೂರು ಕಡೆ ವಿಚಾರಿಸದೆ ಚಪ್ಪಲಿ ಕೂಡ ಕೊಳ್ಳಲ್ಲ ನಾವು, ದುಡ್ಡಿಡೋಕೆ ಮಾತ್ರ ಹತ್ತಿರದ ಬಾಗಿಲೇ ಸಾಕಾ?" ಆಕೆ ಮೊಂಡಿಯ ಕಡೆ ತಿರುಗಿದರು. "ಹಾಗಂತ ಬರೀ ಬಡ್ಡಿ ನೋಡಿ ಕುಣೀಬೇಡ. ಈ ಬಡ್ಡಿ ಯಾವಾಗ್ಲೂ ಇರುತ್ತಾ, ಮೊದಲ ನಾಲ್ಕು ತಿಂಗಳ ಆಸೆ ತೋರಿಸೋದಾ, ಕೇಳು. ಖಾತೇಲಿ ಇಷ್ಟು ಇರಲೇಬೇಕು ಅಂತಾರಾ, ಇಲ್ದಿದ್ರೆ ದಂಡ ಕೀಳ್ತಾರಾ, ಕೇಳು. ಕಾರ್ಡಿಗೆ, ಮೆಸೇಜಿಗೆ ಅಂತ ಬಡ್ಡಿಗಿಂತ ಜಾಸ್ತಿ ಹಿಡ್ಕೊಂಡ್ರೆ ಏನು ಬಂತು ಭಾಗ್ಯ? ಬೇಕಾದಾಗ ತೆಗೆಯೋಕಾಗುತ್ತಾ ಅನ್ನೋದನ್ನೂ ಕೇಳು. ಆರು ತಿಂಗಳಲ್ಲಿ ಡಬಲ್ ಮಾಡಿಕೊಡ್ತೀನಿ ಅನ್ನೋನು ಸಿಕ್ಕಿದ್ರೆ ಮಾತ್ರ ಏನೂ ಕೇಳ್ಬೇಡ, ಓಡು!"

"ಬ್ಯಾಂಕೇ ಮುಳುಗಿದ್ರೆ? ನಮ್ಮನೆ ಕಬ್ಬಿಣದ ಪೆಟ್ಟಿಗೆಯಂತೂ ಮುಳುಗಲ್ಲ!" ಅಪ್ಪ ಕೊಂಕು ತೆಗೆದ.

"ಠೇವಣಿಗೆ ವಿಮೆ ಇದ್ಯಾ, ಎಷ್ಟರವರೆಗೆ ಇದೆ ಅಂತ ಕೇಳಿನೇ ಇಡಿ. ಅಲ್ಲ ಅಣ್ಣಾ, ನಿಮ್ಮ ಮನೆಗೆ ಬೆಂಕಿ ಬಿದ್ರೆ ಪೆಟ್ಟಿಗೇಲಿರೋ ನೋಟಿಗೆ ಯಾವ ವಿಮೆ ಇದೆ?"

ಬಾಗಿಲು ಟಕ್ಕೆಂದು ತೆರೆದುಕೊಂಡಿತು. ಅಪ್ಪ ಚೀಲ ಕಟ್ಟಿದ.

ಮೊಂಡಿ ಸುಮ್ಮನಿರುವವಳೇ? ಆ ವಾರವೇ ಮೂರು ಬ್ಯಾಂಕಿನ ಮೆಟ್ಟಿಲು ಹತ್ತಿದಳು. ಒಂದು ಕಡೆ ಕೌಂಟರಿನವನು ನಕ್ಕು, "ಅಪ್ಪನ್ನ ಕರ್ಕೊಂಡು ಬಾ ಪುಟ್ಟಾ," ಎಂದ. "ಕರ್ಕೊಂಡೇ ಬರ್ತೀನಿ. ಮೊದ್ಲು ನಾನು ಕೇಳಿದ್ದಕ್ಕೆ ಉತ್ತರ ಹೇಳಿ," ಎಂದು ಅಲ್ಲೇ ಠಿಕಾಣಿ ಹೂಡಿದಳು. ಅವನು ಕೊಡುತ್ತೇನೆಂದ ಬಡ್ಡಿ ಏಳು. ಕೆದಕಿ ಕೇಳಿದರೆ ಮೂರೇ ತಿಂಗಳು, ಆಮೇಲೆ ಒಂದೂವರೆ. "ನಿಮ್ಮ ಏಳು ನಿಮಗೇ ಇರ್ಲಿ," ಎಂದು ಎದ್ದು ಬಂದಳು. ಪಕ್ಕದ ಬೀದಿಯ ಬ್ಯಾಂಕಿನದು ವರ್ಷವಿಡೀ ಐದು. ಕನಿಷ್ಠ ಮೊತ್ತ ಇಡಬೇಕೆಂಬ ಕಟ್ಟಳೆ ಇಲ್ಲ, ದಂಡವಿಲ್ಲ, ಠೇವಣಿಗೆ ವಿಮೆ ಇದೆ. ಬೇಕಿದ್ದದ್ದು ಅಪ್ಪನ ಸಹಿ ಒಂದೇ.

"ಆಗಲ್ಲ ಅಂದ್ರೆ ಆಗಲ್ಲ," ಎಂದ ಅಪ್ಪ. "ಬೀಗ ಮಾಡೋನ ಮಗಳು ದುಡ್ಡನ್ನ ಊರೋರ ಕೈಗೆ ಕೊಡ್ತಾಳಂತೆ! ನಾಳೆ ಗಿರಾಕಿಗಳು ನನ್ನ ಮುಖ ನೋಡಿ ನಗಲ್ವಾ?"

ತಿಂಗಳ ಕೊನೆ ಬಂತು. ಅಂಗಡಿ ಬಾಡಿಗೆಯ ದುಡ್ಡೂ ಅದೇ ಪೆಟ್ಟಿಗೆಯಲ್ಲಿ. ಅಪ್ಪ ಮಂಚದ ಕೆಳಗಿಂದ ಅದನ್ನು ಎಳೆದು ತನ್ನ ಬೀಗ ತೆಗೆದ. ಅಮ್ಮ ತನ್ನದು ತೆಗೆದಳು. ಮೊಂಡಿ ಕೈ ಕಟ್ಟಿಕೊಂಡು ಕೂತಳು.

"ಕೀ ಹಾಕೇ."

"ಹಾಕಲ್ಲ."

"ಬಾಡಿಗೆಯೋನು ಬರೋ ಹೊತ್ತಾಯ್ತು, ತಮಾಷೆ ಮಾಡ್ಬೇಡ!"

"ನೀವು ಸಹಿ ಹಾಕಿ, ನಾನು ಕೀ ಹಾಕ್ತೀನಿ."

ಅಪ್ಪನ ಮುಖ ಕೆಂಪಾಯಿತು. "ಈ ಬೀಗ ಯಾವ ಲೆಕ್ಕಾನೇ ನಂಗೆ? ಒಂದೇ ನಿಮಿಷ..." ಎನ್ನುತ್ತ ಚೀಲದಿಂದ ಕೊಕ್ಕೆ ಕಂಬಿ ಹಿರಿದು ಬೀಗದ ಮುಂದೆ ಕೂತ. ಕೂತವನು ಹಾಗೇ ಉಳಿದ.

ಬಾಗಿಲ ಬಳಿ ನಿಂತಿದ್ದ ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ತೆಗೀರಿ, ಯಾಕೆ ನಿಲ್ಲಿಸಿದ್ರಿ? ಕೀ ಇಲ್ದೆ ತೆಗೆಯೋನು ಹುಟ್ಟಿಲ್ಲ ಅಂತ ಇಷ್ಟು ವರ್ಷ ಸಾರಿದ್ರಲ್ಲ. ಇವತ್ತು ಹುಟ್ಟಿದ ಅಂತ ನಾನೇ ಹೋಗಿ ಹೇಳ್ಬರ್ತೀನಿ!"

ಅಪ್ಪ ಕಂಬಿ ಕೆಳಗಿಟ್ಟ. ಅವನ ದನಿ ಇಳಿದಿತ್ತು. "ನನ್ನ ಪೆಟ್ಟಿಗೆ ಮೇಲೆ ನಂಬಿಕೆ ಇಲ್ವೇನೇ ನಿಂಗೆ?"

ಮೊಂಡಿ ಕಟ್ಟಿದ ಕೈ ಬಿಚ್ಚಿ ಅಪ್ಪನ ಪಕ್ಕ ಸರಿದು ಕೂತಳು. ಆದರೂ ಸೋಲಲಿಲ್ಲ. "ಪೆಟ್ಟಿಗೆ ಮೇಲೆ ಇದೆ ಅಪ್ಪಾ. ಕಳ್ಳ ಬರಲ್ಲ, ಒಪ್ಕೋತೀನಿ. ಆದ್ರೆ ನನ್ನ ಮಿಷನ್ ತಪ್ಪಿಸಿದ್ದು ಕಳ್ಳ ಅಲ್ಲ, ಏರಿದ ಬೆಲೆ. ಅದಕ್ಕೆ ಯಾವ ಬೀಗ ಮಾಡಿದೀರಾ ನೀವು? ನಾನು ಬೆರಳು ಸವೆಸಿ ದುಡಿದದ್ದು ಕತ್ತಲಲ್ಲಿ ಸುಮ್ನೆ ಮಲಗಿರುತ್ತೆ. ನಾನು ದುಡೀತೀನಿ, ನನ್ನ ದುಡ್ಡೂ ದುಡೀಲಿ!"

ಅಪ್ಪ ಕಂಬಿಯನ್ನು ಚೀಲಕ್ಕೆ ತುರುಕಿದ. ಆಮೇಲೆ ಗೊಣಗಿದ, "ನಾಳೆ ಬೆಳಿಗ್ಗೆ ಹೋಗೋಣ. ಆದ್ರೆ ಅಲ್ಲಿ ಕೇಳೋದೆಲ್ಲ ನಾನೇ ಕೇಳ್ತೀನಿ."

ಮೊಂಡಿ ಕೀಲಿ ಹಾಕಿದಳು. ಅಪ್ಪನ ಮಾತೆಂದರೆ ಮಾತು, ಅದು ಅವಳಿಗೆ ಗೊತ್ತು.

ಬ್ಯಾಂಕಿನಲ್ಲಿ ಅಪ್ಪ ಕೇಳಿದ್ದೇ ಕೇಳಿದ್ದು. ದುಡ್ಡು ತೆಗೆಯಲು ಯಾರ ಸಹಿ ಬೇಕು? ಅವಳಿಗೆ ಹದಿನೆಂಟಾಗುವವರೆಗೆ ಇಬ್ಬರದೂ, ಎಂದರು ಅಲ್ಲಿನವರು. "ಹಾಗಾದ್ರೆ ಎರಡು ಬೀಗ ಆಯ್ತು. ಇವಳಮ್ಮಂದು ಮೂರನೇದು ಹಾಕೋಕಾಗಲ್ವಾ?" ಎಂದ. ಅಲ್ಲಿದ್ದವರೆಲ್ಲ ನಕ್ಕರು. ಅಪ್ಪ ನಗಲಿಲ್ಲ, ಸಹಿ ಹಾಕಿದ. ಫೋನಿನಲ್ಲಿ ಖಾತೆಯ ಲೆಕ್ಕ ನೋಡಲು ಕೊಡುವ ಗುಪ್ತ ಸಂಖ್ಯೆ (ಪಿನ್) ಕೈಗೆ ಬಂದಾಗ ಮಗಳಿಗೆ ಅವನೇ ಹೇಳಿದ: "ಇದನ್ನ ಯಾರಿಗೂ ಹೇಳ್ಬೇಡ. ಬ್ಯಾಂಕಿಂದ ಅಂತ ಫೋನ್ ಮಾಡಿ ಕೇಳಿದ್ರೂ ಹೇಳ್ಬೇಡ. ಕೀನ ಬೀದೀಲಿ ಬಿಡ್ತಾರಾ ಯಾರಾದ್ರೂ?"

ಮಿಷನ್ ಬರೀ ಬಡ್ಡಿಯಿಂದ ಬಂತೇ? ಇಲ್ಲ, ಸುಳ್ಳು ಯಾಕೆ ಹೇಳಲಿ. ಬೆಲೆ ಮತ್ತೂ ಸ್ವಲ್ಪ ಏರಿತು. ಮೊಂಡಿಯೂ ತಿಂಗಳು ತಿಂಗಳು ತಪ್ಪದೆ ಹಾಕಿದಳು. ಆದರೆ ಈ ಸಲ ದುಡ್ಡು ಕೂತಲ್ಲೇ ಕೂತಿರಲಿಲ್ಲ. ಬಡ್ಡಿಯ ಮೇಲೂ ಬಡ್ಡಿ ಸೇರಿತು. ವರ್ಷ ಕಳೆದ ಮೇಲೆ ಅಂಗಡಿಯವನು ಹೊಸ ರೇಟು ಹೇಳಿದಾಗ ಅವಳು ತಲೆ ತಗ್ಗಿಸಲಿಲ್ಲ, "ಪ್ಯಾಕ್ ಮಾಡಿ," ಎಂದಳು.

ಬಸ್ ನಿಲ್ದಾಣದ ಮೂಲೆಯಲ್ಲಿ ಮೇಜು ಬಂತು. ಆ ಮಿಷನ್ನಿನಲ್ಲಿ ಅವಳು ಮೊದಲು ಕತ್ತರಿಸಿದ್ದು ಪೆಟ್ಟಿಗೆಯ ಮೂರನೇ ಕೀಲಿಯ ನಕಲನ್ನು. ಅದನ್ನು ಅಪ್ಪನ ಅಂಗೈಯಲ್ಲಿಟ್ಟು, "ತಗೊಳ್ಳಿ, ಇನ್ಮೇಲೆ ನಿಮ್ಮ ಬಾಡಿಗೆ ತಡೆಯಲ್ಲ," ಎಂದಳು.

ಅಪ್ಪ ಅದನ್ನು ತಿರುಗಿಸಿ ನೋಡಿದ. ಹಲ್ಲು ಒಂದಿಷ್ಟೂ ಸೊಟ್ಟಗಿರಲಿಲ್ಲ. ಮತ್ತೆ ಅವಳ ಕೈಗೇ ಹಾಕಿ ಬೆರಳು ಮಡಚಿದ.

"ಎರಡೂ ನೀನೇ ಇಟ್ಕೋ ಮೊಂಡಿ. ನಾನು ಇನ್ನೊಂದು ಸಲ ಹಟ ಹಿಡಿದ್ರೆ ಬೇಕಾಗುತ್ತೆ."

ಇದನ್ನು ಓದುತ್ತಿರುವ ಹುಡುಗಾ, ಹುಡುಗೀ, ನಿನ್ನ ದುಡ್ಡು ಈಗ ಎಲ್ಲಿ ಮಲಗಿದೆ? ಡಬ್ಬಿಯಲ್ಲೋ, ದಿಂಬಿನಡಿಯಲ್ಲೋ? ಎಬ್ಬಿಸು ಅದನ್ನು. ಮೂರು ಬ್ಯಾಂಕಿಗೆ ಹೋಗು, ನಕ್ಕರೆ ನಗಲಿ, ಉತ್ತರ ಸಿಗುವವರೆಗೆ ಕೌಂಟರ್ ಬಿಟ್ಟು ಕದಲಬೇಡ. ಅಪ್ಪ ಅಮ್ಮಂದಿರೇ, ಮಕ್ಕಳು ಸಹಿ ಕೇಳಿಕೊಂಡು ಬಂದರೆ ಗದರಿ ಕಳಿಸಬೇಡಿ. ಜೊತೆಗೆ ಹೋಗಿ, ನೀವೂ ಕೇಳಿ, ಸಹಿ ಹಾಕಿ ಬನ್ನಿ.