ಹೊಗೆ ಅಳೆಯಲು ಬಂದವರು

ಸರ್ಕಾರದವರು ನಮ್ಮ ಬೀದಿಯ ಗಾಳಿ ಅಳೆಯಲು ಬರುತ್ತೇವೆ ಎಂದಾಗ ಮೊದಲು ನಕ್ಕವಳು ನಾನೇ. ಗಾಳಿಯೇನು ರಾಗಿಯೇ, ಸೇರಿನಲ್ಲಿ ಅಳೆಯುವುದಕ್ಕೆ? ಆಮೇಲೆ ಆದದ್ದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಯಾರ ಮೇಲೆ ಎಂದು ಕೇಳಬೇಡಿ. ಎಲ್ಲರ ಮೇಲೂ.

ನಮ್ಮದು ಕೆ.ಆರ್. ಪುರದ ಮುನೇಶ್ವರನ ಗುಡಿ ಬೀದಿ. ಬೀದಿಯ ಬಾಯಿಗೆ ಹಳೇ ಮದರಾಸು ರಸ್ತೆ. ತೂಗುಸೇತುವೆಯನ್ನು ಆಗಿನ್ನೂ ಕಟ್ಟುತ್ತಿದ್ದರು. ಹೊಸಕೋಟೆ, ಕೋಲಾರದ ಕಡೆ ಹೋಗುವ ಮೆಟಡಾರ್ ವ್ಯಾನುಗಳ ಸ್ಟ್ಯಾಂಡು ಸರಿಯಾಗಿ ನಮ್ಮ ಬೀದಿ ಬಾಯಲ್ಲೇ. ಆ ಡ್ರೈವರುಗಳು ಇಂಜಿನ್ ಆರಿಸುತ್ತಲೇ ಇರಲಿಲ್ಲ. ಆರಿಸಿದರೆ ಆ ಹಳೇ ಡಬ್ಬಗಳನ್ನು ಮತ್ತೆ ತಳ್ಳಬೇಕು. ಅದಕ್ಕೇ ಗಾಡಿ ತುಂಬುವವರೆಗೂ ಗುಡುಗುಡು ಎನ್ನಿಸುತ್ತ, ಕಪ್ಪು ಹೊಗೆಯನ್ನೆಲ್ಲ ನಮ್ಮ ಮನೆಗಳಿಗೆ ಬಿಡುತ್ತ ನಿಂತಿರುತ್ತಿದ್ದರು.

ಮನೆಯಲ್ಲಿ ನನ್ನ ತಮ್ಮ ಪಿಳ್ಳಪ್ಪ, ಅವನ ಹೆಂಡತಿ ಮುನಿಲಕ್ಷ್ಮಮ್ಮ, ಅವರ ಒಬ್ಬಳೇ ಮಗಳು ತೇಜಶ್ರೀ. ಗಂಡ ಸತ್ತ ಮೇಲೆ ಬಂದು ಸೇರಿಕೊಂಡವಳು ನಾನು, ಜಟ್ಟೆಮ್ಮ, ಅಂಗನವಾಡಿ ಟೀಚರು. ಬಾಯಿ ಜೋರು ಎಂದು ಬೀದಿಗೆಲ್ಲ ಗೊತ್ತು. ಪಿಳ್ಳಪ್ಪ ಆಟೋ ಓಡಿಸುತ್ತಿದ್ದ. ಎಲ್ಲರ ಹಾಗೆ ಅವನೂ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುತ್ತಿದ್ದ. ಬೈದರೆ, "ಬೆರೆಸ್ದಿದ್ರೆ ಮನೆ ನಡೆಯಲ್ಲ ಕಣಕ್ಕ, ನೀನು ಸುಮ್ನಿರು" ಎನ್ನುತ್ತಿದ್ದ.

ತೇಜಶ್ರೀಗೆ ಉಬ್ಬಸ. ಆರನೇ ಕ್ಲಾಸಿನ ಹುಡುಗಿ, ಆಡಬೇಕಾದ ವಯಸ್ಸು, ಕಿಟಕಿ ಹತ್ತಿರ ಕೂತು ಬೇರೆ ಮಕ್ಕಳು ಕುಂಟೆಬಿಲ್ಲೆ ಆಡುವುದನ್ನು ನೋಡುತ್ತಿತ್ತು. ಉಸಿರೆಳೆದರೆ ಎದೆಯೊಳಗೆ ಸಿಳ್ಳೆ ಹೊಡೆದ ಹಾಗೆ ಸದ್ದು. ಡಾಕ್ಟರು ಖಂಡಿತವಾಗಿ ಹೇಳಿದ್ದರು: "ಔಷಧಿ ಕೊಡ್ತೀನಮ್ಮ, ಆದ್ರೆ ಆ ಹೊಗೆ ತಪ್ಸಿ. ತಪ್ಪಿಸ್ದಿದ್ರೆ ಒಂದಿನ ಔಷಧಿಗೂ ಬಗ್ಗಲ್ಲ." ಬೇರೆ ಕಡೆ ಬಾಡಿಗೆ ಮನೆ ಹಿಡಿಯುವ ಯೋಗ್ಯತೆ ನಮಗಿರಲಿಲ್ಲ. ಮುನಿಲಕ್ಷ್ಮಮ್ಮ ಹಳೇ ಪಂಚೆಯೊಂದನ್ನು ಒದ್ದೆ ಮಾಡಿ ಕಿಟಕಿಗೆ ಕಟ್ಟುತ್ತಿದ್ದಳು. ಸಂಜೆ ಅದನ್ನು ಹಿಂಡಿದರೆ ಬಕೆಟ್ಟಿನ ನೀರು ಇದ್ದಿಲು ಕಲಸಿದಂತಾಗುತ್ತಿತ್ತು. ಅದನ್ನು ನೋಡಿ ನೋಡಿಯೇ ಇರಬೇಕು, ಜಾಸ್ತಿ ಮಾತಾಡದ ಆ ಹೆಂಗಸು ಒಂದು ದಿನ ಬೀದಿಯವರ ಸಹಿ ಹಾಕಿಸಿದ ಅರ್ಜಿ ಹಿಡಿದು, ಸೆರಗು ಬಿಗಿದು ಮಾಲಿನ್ಯದ ಆಫೀಸಿಗೆ ಹೊರಟೇಬಿಟ್ಟಳು. ನಾನೂ ಜೊತೆಗೆ ಹೋದೆ.

ಅಲ್ಲಿ ಅಂಜನಮೂರ್ತಿ ಎಂಬ ಅಧಿಕಾರಿ ಕೂರಿಸಿ ಮಾತಾಡಿಸಿದರು. "ನಿಮ್ಮ ಬೀದೀಲಿ ಮಿಷನ್ ಇಟ್ಟು ನೋಡ್ತೀವಿ. ಹೊಗೆ ಮಿತಿ ದಾಟಿದ್ರೆ ಪೊಲೀಸ್‌ನೋರಿಗೆ ಬರೀತೀನಿ, ಸ್ಟ್ಯಾಂಡ್ ಎತ್ತಿಸ್ತಾರೆ. ದಾಟ್ಲಿಲ್ಲ ಅಂದ್ರೆ ನನ್ ಕೈಲಿ ಏನೂ ಆಗಲ್ಲ ನೋಡಿ."

"ದಾಟ್ದೆ ಏನಾಗುತ್ತೆ ಸಾರ್, ಉಸಿರಾಡೋಕೆ ಆಗಲ್ಲ ಅಲ್ಲಿ" ಎಂದಳು ಮುನಿಲಕ್ಷ್ಮಮ್ಮ. ಬರುವಾಗ ಬಸ್ಸಿನಲ್ಲಿ ಅವಳು ನಗುತ್ತಿದ್ದಳು. ಅವಳು ನಕ್ಕದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ!

ಬೀದಿಯವರು ನಂಬಲಿಲ್ಲ. ಯಾಕೆ ನಂಬುತ್ತಾರೆ? ಪೆಟ್ರೋಲ್ ಬಂಕಿನ ಪಕ್ಕ ಹೊಗೆ ತಪಾಸಣೆಯ ವ್ಯಾನು ನಿಂತಿರುತ್ತಿತ್ತು. ಅದರಲ್ಲಿದ್ದವನು ಗಾಡಿಯ ಹೊಗೆಕೊಳವೆಯ ಕಡೆ ತಿರುಗಿಯೂ ನೋಡದೆ ಸ್ಟಿಕರ್ ಅಂಟಿಸಿ ಕಳಿಸುತ್ತಿದ್ದ. ಪಿಳ್ಳಪ್ಪನ ಆಟೋ ಮೇಲೂ ಅಂಥದ್ದೇ ಒಂದು. "ಬೇಲೀನೇ ಎದ್ದು ಹೊಲ ಮೇಯೋವಾಗ ಇವ್ರು ಬಂದು ಏನ್ ಅಳೀತಾರಂತೆ" ಎಂದು ಎಲ್ಲರೂ ಆಡಿಕೊಂಡರು. ಆದರೂ ಮಿಷನ್ ಇಡಲು ಎತ್ತರದ ಜಾಗ, ಕರೆಂಟು ಬೇಕು ಎಂದಾಗ ಮೂಲೆ ಮನೆಯ ಅಕ್ಕಯಮ್ಮ ತನ್ನ ತಾರಸಿ ಬಿಟ್ಟುಕೊಟ್ಟಳು. ಅಜ್ಜಿ ಬೀದಿಗೆಲ್ಲ ಹಿರಿಯಳು. ಮಿಷನ್ ಇಡುವ ಹಿಂದಿನ ದಿನ ಸಾಯಂಕಾಲ ಆಫೀಸಿನಿಂದ ಒಬ್ಬ ಬಂದು, "ನಾಳೆ ಬರ್ತೀವಿ" ಎಂದು ಹೇಳಿ ಹೋದ.

ಅಷ್ಟೇ ಸಾಕಾಯಿತು ನಮ್ಮ ಜನಕ್ಕೆ!

ಬೆಳಗ್ಗೆ ನಾನು ಬಾಗಿಲು ತೆಗೆಯುವ ಹೊತ್ತಿಗೆ ಬೀದಿಗೆ ಬೀದಿಯೇ ಒದ್ದೆ. ಅಕ್ಕಯಮ್ಮ ಕೊಳಗ ಹಿಡಿದು ಮುಂದೆ ನಿಂತಿದ್ದಳು, ಹೆಂಗಸರೆಲ್ಲ ಬಿಂದಿಗೆ ಬಿಂದಿಗೆ ನೀರು ಎರಚುತ್ತಿದ್ದರು. ಕುಡಿಯುವ ನೀರಿಗೆ ನಲ್ಲಿ ಹತ್ತಿರ ಜುಟ್ಟು ಹಿಡಿದು ಜಗಳವಾಡುವವರು ಇವರೇ. "ದೊಡ್ಡೋರು ಬರೋವಾಗ ಧೂಳು ಇಟ್ಕೊಂಡು ಬನ್ನಿ ಅಂತಾರೇನೇ? ನಮ್ ಬೀದಿ ಮಾನ ಏನಾಗ್ಬೇಕು?" ಎಂದು ಅಕ್ಕಯಮ್ಮ ನನಗೇ ಗದರಿದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಮನೆ ಮನೆಯ ಮುಂದೆ ರಂಗೋಲಿ, ರಸ್ತೆಯ ತನಕ ಗುಡಿಸಿ ಸಾರಿಸಿದ್ದಾರೆ. ಆಫೀಸಿನವರು ಬಂದಾಗ ಅವರಿಗೆ ಮಜ್ಜಿಗೆ ಬೇರೆ.

ಇನ್ನು ಡ್ರೈವರುಗಳು. ಹೊಗೆ ಹಿಡಿಯುವವರು ಬರುತ್ತಾರೆ ಎಂಬ ಸುದ್ದಿ ಕಿವಿಯಿಂದ ಕಿವಿಗೆ ಹೋಗಿ, ಒಂದೇ ಒಂದು ಮೆಟಡಾರ್ ಕೂಡ ಸ್ಟ್ಯಾಂಡಿಗೆ ಬರಲಿಲ್ಲ. ದಂಡ ಹಾಕಿ ಗಾಡಿ ಎಳೆದುಕೊಂಡು ಹೋಗುತ್ತಾರೆಂದು ಎಲ್ಲರೂ ಟಿನ್ ಫ್ಯಾಕ್ಟರಿ ಸ್ಟಾಪಿನ ಆಚೆ ನಿಲ್ಲಿಸಿಕೊಂಡಿದ್ದರು. ನಮ್ಮ ಪಿಳ್ಳಪ್ಪನೂ ಆಟೋ ತಳ್ಳಿಕೊಂಡು ಹಿಂದಿನ ಓಣಿಯಲ್ಲಿ ಟಾರ್ಪಾಲು ಮುಚ್ಚಿ ಬಂದ. ಅರ್ಜಿಗೆ ಮೊದಲು ಸಹಿ ಹಾಕಿದವನು ಇವನೇ, ಮಹಾರಾಯ.

ತಾರಸಿ ಮೇಲೆ ಬೀರುವಿನಂಥ ಡಬ್ಬ ದಿನವಿಡೀ ಗುಂಯ್ ಎಂದು ಗಾಳಿ ಎಳೆಯಿತು. ಒಳಗಿಟ್ಟ ಬಿಳಿ ಹಾಳೆಗೆ ಎಷ್ಟು ಮಸಿ ಹಿಡಿಯುತ್ತದೋ ಅದರ ಮೇಲೆ ಲೆಕ್ಕವಂತೆ. ಹಾಳೆ ಹೊರಗೆ ಬಂದಾಗ ಹಾಲು ಜಾಸ್ತಿಯಾದ ಕಾಫಿಯ ಬಣ್ಣವೂ ಇರಲಿಲ್ಲ. ಆ ಸಂಜೆ ಮುನಿಲಕ್ಷ್ಮಮ್ಮ ಕಿಟಕಿಯ ಪಂಚೆ ಹಿಂಡಿ ಬಕೆಟ್ಟಿನ ಮುಂದೆ ಕೂತುಬಿಟ್ಟಳು. "ನೋಡಕ್ಕ, ನೀರು ತಿಳಿಯಾಗೈತೆ" ಎಂದಳು. ನನಗೂ ಆಗಲೇ ಹೊಳೆದದ್ದು, ಗಾಳಿಯನ್ನು ನಾವೇ ತೊಳೆದಿಟ್ಟಿದ್ದೆವು ಎಂದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಗಾಳಿ ಮಿತಿಯೊಳಗಿದೆ ಎಂದು ಆಫೀಸಿನಿಂದ ಉತ್ತರ ಬಂತು. ಬೀದಿ ಕೆಂಡವಾಯಿತು. "ಮೆಟಡಾರ್‌ನೋರ ಹತ್ರ ತಿಂದವ್ರೆ", "ಮಿಷನ್ನೇ ಡೂಪ್ಲಿಕೇಟು", ಬಾಯಿಗೆ ಬಂದಂತೆ ಅಂದರು. ಬೀದಿಗೆ ನೀರು ಸುರಿದವರು ನೀವೇ ಅಲ್ಲವೇನ್ರೇ ಎಂದು ನಾನು ಕೂಗಿದೆ. ಅಕ್ಕಯಮ್ಮ ಮುಖ ತಿರುಗಿಸಿದಳು. ಮನೆ ಮುಂದೆ ನೀರು ಹಾಕಿದ್ದು ತಪ್ಪು ಎನ್ನುವವಳನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲವಂತೆ. ಸರ್ಕಾರದವನು ಲಂಚ ತಿಂದ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಆ ಮನುಷ್ಯ ಕಂಡದ್ದನ್ನೇ ಬರೆದ ಎಂದರೆ ಯಾರಿಗೂ ಬೇಡ.

ಮುನಿಲಕ್ಷ್ಮಮ್ಮ ಮತ್ತೆ ಆಫೀಸಿಗೆ ಅಲೆದಳು. ಒಂದು ಸಲ ಮಸಿ ಹಿಡಿದ ಪಂಚೆಯನ್ನೇ ಮಡಚಿ ಒಯ್ದಳು. "ಬಟ್ಟೆ ನೋಡಿ ಬರೆಯೋಕಾಗಲ್ಲಮ್ಮ" ಎಂದರಂತೆ ಅಂಜನಮೂರ್ತಿ. ಆದರೂ ಮನುಷ್ಯ ಕೆಟ್ಟವರಲ್ಲ. ನೀರು ಹಾಕಿದ ಕತೆ ಕೇಳಿ ಹಣೆ ಚಚ್ಚಿಕೊಂಡು, "ಇನ್ನೊಂದ್ ಸಲ ಮಿಷನ್ ಕೊಡ್ಸೋಕೆ ನಾನು ಮೇಲಿನೋರ ಕಾಲು ಹಿಡೀಬೇಕು. ಹಿಡೀತೀನಿ. ಈ ಸಲ ಏನೂ ಮಾಡ್ಬೇಡಿ ನೀವು, ದಿನಾ ಹೆಂಗಿರ್ತೀರೋ ಹಂಗೇ ಇರಿ, ದಮ್ಮಯ್ಯ" ಎಂದರು.

ಅಷ್ಟರಲ್ಲಿ ತೇಜಶ್ರೀ ಎರಡು ಸಲ ಆಸ್ಪತ್ರೆ ಸೇರಿ ಬಂದಿತ್ತು. ಮಗು ಮಲಗಲು ಹೆದರುತ್ತಿತ್ತು. ಕೂತೇ ಗೋಡೆಗೆ ಒರಗಿ ನಿದ್ದೆ ಮಾಡುವುದು.

ಎರಡನೇ ಸಲ ನಾನೇ ಮನೆ ಮನೆಗೆ ಹೋಗಿ ಎಚ್ಚರಿಕೆ ಕೊಟ್ಟೆ, ಯಾರಾದರೂ ಹನಿ ನೀರು ಚೆಲ್ಲಿದರೆ ನೋಡಿ ಮತ್ತೆ ಎಂದು. ಅಕ್ಕಯಮ್ಮ ತಾರಸಿ ಕೊಟ್ಟಳು, ಮುನಿಸಿನಿಂದ ನನ್ನ ಜೊತೆ ಮಾತು ಮಾತ್ರ ಬಿಟ್ಟಿದ್ದಳು. ಮುನಿಲಕ್ಷ್ಮಮ್ಮ ಸ್ಟ್ಯಾಂಡಿಗೆ ಹೋಗಿ ಡ್ರೈವರುಗಳಿಗೆ ಕೈಮುಗಿದಳು. "ಅಣ್ಣಾ, ದಿನಾ ನಿಲ್ಲೋ ಹಂಗೇ ನಾಳೇನೂ ನಿಂತ್ಕಳ್ರಪ್ಪ. ಯಾರೂ ಹಿಡಿಯಲ್ಲ."

ಅವರು ನಕ್ಕರು. "ಸ್ಟ್ಯಾಂಡ್ ಎತ್ತಿಸೋಕೆ ಅರ್ಜಿ ಕೊಟ್ಟೋರೂ ನೀವೇ, ಬಂದ್ ನಿಂತ್ಕಳಿ ಅನ್ನೋರೂ ನೀವೇನಾ? ಚೆನ್ನಾಗೈತೆ ಅಕ್ಕಾ ಆಟ! ಮೊದ್ಲು ಪಿಳ್ಳಪ್ಪಣ್ಣನ ಆಟೋ ತಂದು ನಿಲ್ಸಿ ನೋಡೋಣ" ಎಂದ ಒಬ್ಬ.

ಬೆಳಗಾದರೆ ಪಿಳ್ಳಪ್ಪನ ಆಟೋ ಮತ್ತೆ ಓಣಿಯಲ್ಲಿ, ಟಾರ್ಪಾಲಿನೊಳಗೆ. "ಆ ಆಫೀಸರ್ ಮಾತು ನಂಬಿ ಗಾಡಿ ಕಳ್ಕೊಂಡ್ರೆ ಹೊಟ್ಟೆಗೇನ್ ಮಾಡೋದು?" ಎಂದ. ಸ್ಟ್ಯಾಂಡು ಖಾಲಿ. ತಾರಸಿ ಮೇಲೆ ಡಬ್ಬ ಗುಂಯ್ ಎನ್ನುತ್ತಿತ್ತು. ಅಂಜನಮೂರ್ತಿಯವರು ಅದನ್ನು ಹಾಕಿ, ಮಧ್ಯಾಹ್ನ ಬರುತ್ತೇನೆ ಎಂದು ಹೋಗಿದ್ದರು.

ಆ ದಿನ ತೇಜಶ್ರೀ ಬೀದಿಗಿಳಿಯಿತು. ಯಾರೂ ಕರೆಯಲಿಲ್ಲ, ತಾನಾಗಿ ಎದ್ದು ಹೋಗಿ ಹೆಂಚಿನ ಚೂರು ಹುಡುಕಿ, ನೆಲಕ್ಕೆ ಗೆರೆ ಎಳೆದು ಕುಂಟೆಬಿಲ್ಲೆ ಆಡತೊಡಗಿತು. ಒಂದು ಮನೆ ದಾಟಿ ನಿಲ್ಲುವುದು, ಉಸಿರು ನೋಡಿಕೊಳ್ಳುವುದು, ಸಿಳ್ಳೆಯಿಲ್ಲ ಎಂದು ಗೊತ್ತಾಗಿ ಮತ್ತೆ ಕುಂಟುವುದು. "ಅತ್ತೇ, ನೋಡಿಲ್ಲಿ!" ಎಂದು ನನ್ನನ್ನು ಕೂಗಿತು. ನನಗೆ ಕಣ್ಣು ತುಂಬಿ ಬಂತು. ತಿರುಗಿ ನೋಡಿದರೆ ಬಾಗಿಲಲ್ಲಿ ನಿಂತು ಮುನಿಲಕ್ಷ್ಮಮ್ಮನೂ ಅಳುತ್ತಿದ್ದಳು. ಅದು ಸಂತೋಷಕ್ಕಲ್ಲ.

"ಈ ಸಲಾನೂ ಹೋಯ್ತಕ್ಕ. ಹೊಗೆ ಇಲ್ಲ" ಎಂದಳು.

ಮಗು ಆಡುವುದನ್ನು ನೋಡಿ ತಾಯಿ ಹೊಗೆ ಬರಲಿ ಎಂದು ಬೇಡಿಕೊಳ್ಳುವ ಹಾಗಾಯಿತಲ್ಲ! ಅಂಥ ಗತಿ ಶತ್ರುವಿಗೂ ಬೇಡ.

ಪಿಳ್ಳಪ್ಪ ಊಟಕ್ಕೆ ಬಂದ. ಅವಳು ತಟ್ಟೆ ಹಾಕಲಿಲ್ಲ. ಅವನ ಶರ್ಟು ಹಿಡಿದು ಎಳೆದಳು. "ಆಟೋ ತತ್ತೀಯೋ ಇಲ್ವೋ? ಇವತ್ತು ಆ ಮಿಷನ್‌ಗೆ ಹೊಗೆ ಕಾಣ್ದೆ ಹೋದ್ರೆ ನನ್ ಮಗ್ಳನ್ನ ಹೂಳೋಕೆ ನೀನೇ ಗುಂಡಿ ತೋಡು!" ಅವಳು ಗಂಡನನ್ನು ಏಕವಚನದಲ್ಲಿ ಮಾತಾಡಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವನು ಹೋಗಿ ಆಟೋ ತಂದ. ಅಕ್ಕಯಮ್ಮನ ಗೋಡೆಗೆ ಒತ್ತಿ ನಿಲ್ಲಿಸಿ, ಹಿಂಭಾಗವನ್ನು ಮಿಷನ್ನಿನ ಕಡೆ ಮಾಡಿ ಎಕ್ಸಲೇಟರ್ ತಿರುವಿದ. ಸೀಮೆಎಣ್ಣೆಯ ಹೊಗೆ ಬುಸಬುಸನೆ ಮೇಲೆದ್ದಿತು. ಎದುರು ಮನೆಯವನು ತನ್ನ ಸ್ಕೂಟರ್ ತಂದ. ಸುದ್ದಿ ತಿಳಿದು ಇನ್ನೆರಡು ಆಟೋ ಬಂದವು. "ಇನ್ನೂ ಕೊಡ್ರೀ, ಇನ್ನೂ ಕೊಡ್ರೀ" ಎಂದು ಮುನಿಲಕ್ಷ್ಮಮ್ಮ ಕೂಗುತ್ತಿದ್ದಳು. ಅಕ್ಕಯಮ್ಮ ಕೂಡ ತಾರಸಿಯಿಂದ ಕೈಬೀಸಿ, ಇತ್ತ ಇತ್ತ ಎಂದು ತೋರಿಸಿದಳು.

ಆಗಲೇ ಅಂಜನಮೂರ್ತಿಯವರ ಜೀಪು ಬಂತು.

ಅವರು ಕೂಗಾಡಲಿಲ್ಲ. ನೇರ ಮೇಲೆ ಹತ್ತಿ ಮಿಷನ್ ಆರಿಸಿದರು, ಹಾಳೆ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು. ಕೆಳಗೆ ಬಂದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. "ನಿಮ್ಮನ್ನ ನಂಬಿ ಬಂದೆನಲ್ಲಮ್ಮ ನಾನು. ಜನ ಬೇಕಂತ್ಲೇ ಸುಳ್ಳು ಹೊಗೆ ಹಾಕ್ತಾರೆ ಅಂತ ಆಫೀಸ್‌ನಲ್ಲಿ ಹೇಳಿದ್ರು. ಅವ್ರ ಜೊತೆ ಜಗಳ ಆಡ್ಕೊಂಡು ಬಂದಿದ್ದೆ."

"ಸುಳ್ಳಲ್ಲ ಸಾರ್! ದಿನಾ ಬರೋ ಹೊಗೇನೇ ಸಾರ್ ಇದು!" ಎಂದು ಅವಳು ಅವರ ಕಾಲಿಗೆ ಬಿದ್ದಳು.

"ಇರ್ಬಹುದು. ಇನ್ಮೇಲೆ ಯಾರೂ ನಂಬಲ್ಲ" ಎಂದರು. ಬೀದಿಯವರು ಅವರನ್ನು ಮುತ್ತಿಕೊಂಡು, ತಿಂದಿದ್ದೀಯ, ಮಾರಿಕೊಂಡಿದ್ದೀಯ ಎಂದು ಬೈಯತೊಡಗಿದರು. ನಾನೂ ಆ ಗಲಾಟೆಯ ನಡುವೆಯೇ ಇದ್ದೆ. ಜೀಪು ಹೊರಟ ಮೇಲೆಯೇ ನಾವು ಮಗುವನ್ನು ಹುಡುಕಿದ್ದು.

ತೇಜಶ್ರೀ ಗುಡಿಯ ಜಗುಲಿಯ ಹತ್ತಿರ ಮುಂದಕ್ಕೆ ಬಾಗಿ ಕೂತಿತ್ತು. ಎರಡೂ ಕೈ ನೆಲಕ್ಕೆ ಊರಿತ್ತು, ತುಟಿ ನೀಲಿ. ಹೆಂಚಿನ ಚೂರು ಇನ್ನೂ ಮುಷ್ಟಿಯಲ್ಲೇ ಇತ್ತು. ಅದೇ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಬೀದಿ ಬಾಯಿಗೆ ಬಂದರೆ ದಾರಿಯಿಲ್ಲ. ಮಿಷನ್ನಿನವರು ಹೋದರೆಂದು ತಿಳಿದು ಮೆಟಡಾರ್‌ಗಳೆಲ್ಲ ಸ್ಟ್ಯಾಂಡಿಗೆ ವಾಪಸು ಬಂದಿದ್ದವು. ಒಬ್ಬನೂ ಇಂಜಿನ್ ಆರಿಸಿರಲಿಲ್ಲ. ಪಿಳ್ಳಪ್ಪ ಹಾರನ್ ಮೇಲಿನ ಕೈ ತೆಗೆಯದೆ, ಅಳುತ್ತ, ಅವುಗಳ ಸಂದಿಯಲ್ಲಿ ನುಗ್ಗಿಸಿದ.

ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕ್ ಹಾಕಿದರು. ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಿಟ್ಟ ಮಗು ಅಮ್ಮನ ಸೆರಗು ಹಿಡಿದು ಏನೋ ಕೇಳಿತು. ಮಾಸ್ಕಿನೊಳಗಿಂದ ಕೇಳಿಸಲಿಲ್ಲ. ಮುನಿಲಕ್ಷ್ಮಮ್ಮ ಬಗ್ಗಿ ಕಿವಿ ಕೊಟ್ಟಳು.

"ಹೊಗೆ ಮಿಷನ್‌ಗೆ ಕಾಣಿಸ್ತಾ ಅಮ್ಮಾ?"

"ಕಾಣಿಸ್ತು ಕಂದ, ಚೆನ್ನಾಗಿ ಕಾಣಿಸ್ತು. ಸ್ಟ್ಯಾಂಡ್ ಎತ್ತಿಸ್ತಾರಂತೆ."

ಮಗು ತಲೆಯಾಡಿಸಿ ಕಣ್ಣು ಮುಚ್ಚಿತು. ಪಿಳ್ಳಪ್ಪ ಎದ್ದು ಹೊರಗೆ ಹೋದ. ಡಾಕ್ಟರು ಬಂದು, ಇವಳನ್ನು ಮನೆಗೆ ಯಾವಾಗ ಕರೆದುಕೊಂಡು ಹೋಗುತ್ತೀರಿ ಎಂದು ಕೇಳಿದರು. "ಇಲ್ಲಿ ಹೊಗೆ ಇಲ್ಲ ಸಾರ್, ಇನ್ನೆರಡು ದಿನ ಇಲ್ಲೇ ಇರ್ಲಿ" ಎಂದು ಮುನಿಲಕ್ಷ್ಮಮ್ಮ ಕೈಮುಗಿದಳು.