ದೆವ್ವ ಕಚ್ಚಿದ ಗುಂಡಿ

ಗುಂಡಿ ತೋಡಿ ಗುಂಡಿ ಹುಡುಕುವವನು ಎಂದು ಇಂಗ್ಲೆಂಡಿನ ನಮ್ಮ ಬ್ಯಾಟ್ಲಿ ಊರಿನಲ್ಲಿ ನನ್ನನ್ನು ಹಾಸ್ಯ ಮಾಡುತ್ತಾರೆ. ಮಾಡಲಿ. ಬೇರೆ ಸೀಮೆಯಲ್ಲಿ ನೆಲದೊಳಗಿನ ಲೋಹ ಪತ್ತೆಮಾಡುವ ಡಿಟೆಕ್ಟರ್ ಹಿಡಿದು ಹೊಲಕ್ಕಿಳಿದವರಿಗೆ ರೋಮನ್ನರ ನಾಣ್ಯ ಸಿಗುತ್ತದೆ, ಯಾವಳೋ ರಾಣಿಯ ಉಂಗುರ ಸಿಗುತ್ತದೆ. ನಮಗೆ ಸಿಗುವುದು ಅಂಗಿಯ ಗುಂಡಿ. ಅದಕ್ಕೆ ಊರಿನ ಕಸುಬೇ ಕಾರಣ. ದೇಶದೇಶಗಳ ಹಳೆಯ ಉಣ್ಣೆಬಟ್ಟೆ ಇಲ್ಲಿಯ ಗಿರಣಿಗಳಿಗೆ ಬಂದು, ಚಿಂದಿಯಾಗಿ, ಮತ್ತೆ ನೂಲಾಗಿ ಹೊರಗೆ ಹೋಗುತ್ತಿತ್ತು. ನೂಲಿಗೂ ಬಾರದ ಕಸವನ್ನು ರೈತರು ಗಾಡಿಗಟ್ಟಲೆ ಒಯ್ದು ರೂಬಾರ್ಬ್ ಹೊಲಕ್ಕೆ ಹಾಕುತ್ತಿದ್ದರು. ಆ ಕೆಂಪು ಹುಳಿದಂಟಿಗೆ ಉಣ್ಣೆಯಷ್ಟು ಒಗ್ಗುವ ಗೊಬ್ಬರ ಇನ್ನೊಂದಿಲ್ಲ. ಗೊಬ್ಬರದ ಜೊತೆ ಗುಂಡಿಗಳೂ ಹೋದವು. ರಷ್ಯಾದ ಸಿಪಾಯಿ ನಮ್ಮೂರಿಗೆ ಕಾಲಿಟ್ಟವನಲ್ಲ, ಆದರೆ ಅವನ ಗುಂಡಿಗಳು ನನ್ನ ಹತ್ತಿರ ಒಂದು ಡಬ್ಬಿಯ ತುಂಬ ಇವೆ.

ಗುಂಡಿಯ ಲೋಹ ಯಾವುದು, ವಯಸ್ಸೆಷ್ಟು ಎಂದು ಹೇಳುವುದು ಡಿಟೆಕ್ಟರ್ ಹಿಡಿಯುವವರ ನಮ್ಮ ಕ್ಲಬ್ಬಿನಲ್ಲಿ ನನ್ನ ಕೆಲಸ. ಹಳದಿಯಾಗಿದ್ದರೆ ಚಿನ್ನ ಎಂದುಕೊಂಡು ಬರುತ್ತಾರೆ, ಬಿಳಿಯಾಗಿದ್ದರೆ ಬೆಳ್ಳಿ ಎಂದುಕೊಂಡು ಬರುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ತವರ, ಸೀಸ ಎಂದು ಹೇಳಿದರೆ ಮುಖ ಊದಿಸಿಕೊಂಡು ಹೋಗುತ್ತಾರೆ. ಕೆಲವರು ಮನೆಯಲ್ಲೇ ನಿಂಬೆರಸ ಹಾಕಿ ಉಜ್ಜಿ, ಇದ್ದ ಚಿನ್ನದ ನೀರನ್ನೂ ತೊಳೆದುಕೊಂಡು ಬಂದು ಬೆಲೆ ಕೇಳುತ್ತಾರೆ. ಇಂಥವರನ್ನು ಕಂಡರೆ ನನಗಾಗುವುದಿಲ್ಲ. ಲೋಹದ ಸಹವಾಸವೇ ವಾಸಿ, ಅದು ಮುನಿಸಿಕೊಳ್ಳುವುದಿಲ್ಲ.

ಮುರಿಯಲ್ ಕ್ರೌದರ್ ಬಂದದ್ದು ಒಂದು ಶನಿವಾರ, ಕ್ಲಬ್ಬಿನ ಚಹಾದ ಹೊತ್ತಿಗೆ. ಎಂಬತ್ತು ದಾಟಿದ ಹೆಂಗಸು, ಕೈಯಲ್ಲಿ ಕೋಲು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಾರ್ಮನ್ ಅನ್ನೋನು ನೀನೇನಪ್ಪಾ? ಗುಂಡಿ ನೋಡೋನು?"

"ಹೂಂ, ನಾನೇ."

"ಕಬ್ಬಿಣ ಯಾವುದು, ಹಿತ್ತಾಳೆ ಯಾವುದು ಅಂತ ಸರಿಯಾಗಿ ಹೇಳ್ತೀಯೋ, ಇಲ್ಲಾ ನೀನೂ ಅಂದಾಜಿನ ಗಿರಾಕಿಯೋ?"

"ನಾನು ಅಂದಾಜು ಮಾಡೋದಿಲ್ಲ ಕಣಮ್ಮ. ಗುಂಡಿ ಎಲ್ಲಿ?"

"ನಮ್ಮಮ್ಮನ ಹಿತ್ತಲಲ್ಲಿ, ಮಣ್ಣೊಳಗೆ. ಅದನ್ನ ತೆಗೀಬೇಕಾದೋನೂ ನೀನೇ."

ಆಮೇಲೆ ಕೂತು ಹೇಳಿದಳು. ಅವಳ ತಾಯಿ ಕ್ಲಾರಾ ಹೊಳೆದಂಡೆಯ ಗಿರಣಿಯಲ್ಲಿ ಚಿಂದಿ ಆರಿಸುತ್ತಿದ್ದವಳು. ಹಳೆಯ ಕೋಟುಗಳ ಹೊಲಿಗೆ ಬಿಚ್ಚಿ, ಗುಂಡಿ, ಕೊಕ್ಕೆ, ಪಿನ್ನುಗಳನ್ನೆಲ್ಲ ಕತ್ತರಿಸಿ, ಬರೀ ಬಟ್ಟೆಯನ್ನು ಮುಂದೆ ಕಳಿಸಬೇಕು. ಮುಂದೆ ಇರುವುದು ಚಿಂದಿ ಸಿಗಿಯುವ ಯಂತ್ರ, ಮೈತುಂಬ ಉಕ್ಕಿನ ಹಲ್ಲಿನ ಉರುಳೆ. ಅದಕ್ಕೆ ನಮ್ಮೂರಲ್ಲಿ ದೆವ್ವ ಎಂದೇ ಹೆಸರು. ದೆವ್ವದ ಬಾಯಿಗೆ ಕಬ್ಬಿಣದ ಚೂರು ಸಿಕ್ಕಿದರೆ ಕಿಡಿ ಹಾರುತ್ತದೆ, ಕಿಡಿ ಹಾರಿದರೆ ಸುತ್ತಲಿನ ಉಣ್ಣೆಯ ಧೂಳು ಭಗ್ಗನೆ ಹತ್ತಿಕೊಳ್ಳುತ್ತದೆ. ಮುರಿಯಲ್‌ಗೆ ಎಂಟು ವರ್ಷವಾಗಿದ್ದಾಗ ಹಾಗೆಯೇ ಬೆಂಕಿ ಬಿತ್ತು. ದೆವ್ವಕ್ಕೆ ಚಿಂದಿ ಉಣಿಸುತ್ತಿದ್ದ ವಿಲ್ಫ್ ಕ್ರೌದರ್ ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಎಲ್ಲರೂ ನಿಂತಿರುವಾಗ ಮೇಸ್ತ್ರಿ ಒಂದು ಗುಂಡಿ ಎತ್ತಿ ತೋರಿಸಿದ. ದೆವ್ವದ ಹಲ್ಲಿನ ಸಂದಿಯಿಂದ ತೆಗೆದದ್ದು, ಕ್ಲಾರಾಳ ರಾಶಿಯದು, ದೆವ್ವ ಕಚ್ಚಿದ ಗುರುತು ಇನ್ನೂ ಇದೆ ಎಂದ. ಅದನ್ನು ಅವಳ ಕೈಗೇ ಹಾಕಿ, ಇಟ್ಟುಕೋ ಎಂದು ಹೇಳಿ ಹೋದ. ಅಂದಿಗೆ ಅವಳ ಕೆಲಸ ಹೋಯಿತು. ಬೀದಿಯವರು ಮಾತು ಬಿಟ್ಟರು. ಕ್ಲಾರಾ ಸಾಯುವ ತನಕ ಹೇಳುತ್ತಿದ್ದದ್ದು ಎರಡೇ ಮಾತು. ಆ ಗುಂಡಿ ನನ್ನ ರಾಶಿಯದಲ್ಲ, ದೆವ್ವದ ಬೇರಿಂಗು ಎಣ್ಣೆಯಿಲ್ಲದೆ ವಾರದಿಂದ ಕಿರುಚುತ್ತಿತ್ತು. ಎಣ್ಣೆ ಹಾಕಿಸಬೇಕಾದವನು ಮೇಸ್ತ್ರಿಯೇ. ಕಳ್ಳನಿಗೊಂದು ಪಿಳ್ಳೆ ನೆವ ಎಂದು ಜನ ನಕ್ಕರು.

"ಅವಳು ಅದನ್ನ ಸಾಸಿವೆ ಡಬ್ಬಿಗೆ ಹಾಕಿ ಗೋಡೆ ಪಕ್ಕ ರೂಬಾರ್ಬ್ ಬುಡದಲ್ಲಿ ಹೂತಿಟ್ಲು. ಗುಂಡಿ ಬಲ್ಲೋರಿಗೆ ಒಂದ್ಸಲ ತೋರ್ಸೇ ಅಂತ ನಂಗೆ ಹೇಳ್ತಾನೇ ಇದ್ಲು," ಎಂದಳು ಮುರಿಯಲ್.

"ತೋರಿಸಲಿಲ್ಲವಾ?"

"ನಾನು ವಿಲ್ಫ್ ಮಗನ್ನ ಮದುವೆ ಆದೆ."

ಕ್ರೌದರ್ ಎಂಬ ಹೆಸರು ಕೇಳಿದಾಗಲೇ ನನಗೆ ಹೊಳೆಯಬೇಕಾಗಿತ್ತು. ಅವಳ ಗಂಡ ಹೆಡ್ಲಿ ಒಂದೇ ಷರತ್ತು ಹಾಕಿದ್ದನಂತೆ, ಅಪ್ಪನನ್ನು ಕೊಂದವಳು ತನ್ನ ಹೊಸ್ತಿಲು ತುಳಿಯಕೂಡದು. ಕ್ಲಾರಾ ಮಗಳ ಮದುವೆಗೂ ಬರಲಿಲ್ಲ, ಮೊಮ್ಮಕ್ಕಳನ್ನೂ ಎತ್ತಿಕೊಳ್ಳಲಿಲ್ಲ. ಈಗ ಹೆಡ್ಲಿಯೂ ಇಲ್ಲ. ಕ್ಲಾರಾಳ ಮನೆ ಕೈಯಿಂದ ಕೈಗೆ ಹೋಗಿ ಸಫಿಯಾ ಪಟೇಲ್ ಎಂಬವಳದಾಗಿದೆ. ಕಾರು ನಿಲ್ಲಿಸಲು ಹಿತ್ತಲಿಗೆ ಕಾಂಕ್ರೀಟು ಹಾಕಿಸುತ್ತಾಳೆ ಎಂಬ ಸುದ್ದಿ ಕೇಳಿ ಮುರಿಯಲ್ ಎದ್ದು ಬಂದಿದ್ದಳು.

"ನಮ್ಮಮ್ಮ ವಿಲ್ಫ್‌ನ ಕೊಂದ್ಲೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು. ಏನಿದ್ರೂ ಇದ್ದಿದ್ದು ಇದ್ದ ಹಾಗೆ ಹೇಳ್ಬೇಕು ನೀನು," ಎಂದಳು.

ಇದ್ದದ್ದು ಇದ್ದ ಹಾಗೆ ಹೇಳು ಎನ್ನುವ ಗಿರಾಕಿ ನನಗೆ ಅಪರೂಪ. ಒಪ್ಪಿದೆ.

ಸಫಿಯಾ ಹಿತ್ತಲಿನ ಬಾಗಿಲಲ್ಲೇ ಚಹಾ ಹಿಡಿದು ನಿಂತಿದ್ದಳು. "ಚಿನ್ನ ಸಿಕ್ರೆ ಅರ್ಧ ನಂದು ಅಂಕಲ್, ಈಗ್ಲೇ ಹೇಳಿದ್ದೀನಿ."

"ಚಿನ್ನ ಇದ್ದಿದ್ರೆ ನಮ್ಮಪ್ಪ ಅವತ್ತೇ ಕುಡಿದು ಮುಗಿಸಿರ್ತಿದ್ದ ಬಿಡು," ಎಂದಳು ಮುರಿಯಲ್.

"ಹಾಗಾದ್ರೆ ಆ ರೂಬಾರ್ಬ್ ದಂಟೆಲ್ಲಾ ಕಿತ್ಕೊಂಡು ಹೋಗಿ ಆಂಟಿ. ನಮ್ಮನೇಲಿ ಅದನ್ನ ಕತ್ತೆನೂ ತಿನ್ನೋಲ್ಲ."

ಡಿಟೆಕ್ಟರು ನೆಲಕ್ಕೆ ಹಿಡಿದ ಕೂಡಲೇ ಕೂಗತೊಡಗಿತು. ಆ ಹಿತ್ತಲಿಗೂ ಗಿರಣಿ ಗೊಬ್ಬರವೇ ಬಿದ್ದಿತ್ತು. ಹಿತ್ತಾಳೆ ಇದ್ದರೆ ಗಿಣಿಯ ಹಾಗೆ ಸಣ್ಣ ದನಿ, ಕಬ್ಬಿಣ ಇದ್ದರೆ ಹಂದಿಯ ಹಾಗೆ ಗುಟುರು. ನಾವು ಸಾಮಾನ್ಯವಾಗಿ ಗುಟುರನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ, ಅದು ಮೊಳೆ, ಲಾಳ, ಇಂಥದ್ದೇ. ಅಂದು ಬೇಕಾಗಿದ್ದದ್ದು ಕಬ್ಬಿಣದ ತಗಡಿನ ಡಬ್ಬಿ, ಹಾಗಾಗಿ ಗುಟುರನ್ನೇ ಹಿಂಬಾಲಿಸಿದೆ. ಒಂದು ಬಾಗಿಲ ಕೀಲು, ಒಂದು ಕುಡುಗೋಲಿನ ಮುರುಕು ಬಂದವು. ಬೇರಿನ ಗಡ್ಡೆಯ ಕೆಳಗೆ ಮೂರನೆಯದು ಸಿಕ್ಕಿತು. ಡಬ್ಬಿ ತುಕ್ಕು ಹಿಡಿದು ಹಪ್ಪಳವಾಗಿತ್ತು, ಮುಟ್ಟಿದರೆ ಉದುರಿತು. ಒಳಗೆ ಮೇಣದ ಉಂಡೆ. ಕ್ಲಾರಾ ಗುಂಡಿಯನ್ನು ಬಟ್ಟೆಯಲ್ಲಿ ಸುತ್ತಿ ಮೇಲೆ ಮೇಣದಬತ್ತಿ ಕರಗಿಸಿ ಸುರಿದಿದ್ದಳು. ಕೆಲಸ ಬಲ್ಲ ಹೆಂಗಸು ಎಂದುಕೊಂಡೆ.

ಮೇಣ ಬಿಡಿಸಿದ್ದು ನನ್ನ ಶೆಡ್ಡಿನಲ್ಲಿ. ಮುರಿಯಲ್ ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದಳು. ಗುಂಡಿ ಹೊರಬಂದಾಗ ಅವಳ ಕೈ ಮುಂದೆ ಬಂತು. ಉಜ್ಜಬೇಡಿ ಎಂದೆ, ಕೈ ಹಿಂದಕ್ಕೆ ಹೋಯಿತು. ನಾಲ್ಕಾಣೆಯಷ್ಟಗಲದ ಚಪ್ಪಟೆ ಬಿಲ್ಲೆ, ಹಿಂದೆ ತಂತಿಯ ಕುಣಿಕೆ. ಅಲ್ಲಲ್ಲಿ ಹಳದಿ ಹೊಳಪು ಇನ್ನೂ ನಿಂತಿತ್ತು. ಆಯಸ್ಕಾಂತ ಹತ್ತಿರ ತಂದೆ. ಗುಂಡಿ ಮಿಸುಕಲಿಲ್ಲ.

"ಇನ್ನೊಂದ್ಸಲ ಹಿಡಿ," ಎಂದಳು ಮುರಿಯಲ್.

ಹಿಡಿದೆ.

"ಮೇಲೆ ಹಿತ್ತಾಳೆ ತಗಡು, ಒಳಗೆ ಕಬ್ಬಿಣ ಇರೋ ಗುಂಡಿನೂ ಇರುತ್ತಲ್ಲ. ಅಮ್ಮ ಹೇಳ್ತಿದ್ಲು."

"ಇರುತ್ತೆ. ಅದಾಗಿದ್ರೆ ಆಯಸ್ಕಾಂತ ಬಿಡ್ತಿರ್ಲಿಲ್ಲ."

"ಹಿಂದಿನ ಕುಣಿಕೆ?"

ಕುಣಿಕೆಗೂ ಹಿಡಿದು ತೋರಿಸಿದೆ. ಎಷ್ಟು ಎಚ್ಚರದ ಹೆಂಗಸು ಎಂದು ನನಗೆ ಸಂತೋಷವೇ ಆಯಿತು. ನಮ್ಮ ಕ್ಲಬ್ಬಿನಲ್ಲಿ ಒಬ್ಬನಾದರೂ ಹೀಗೆ ಕೇಳುವುದಿಲ್ಲ.

ಬಾಯಿಮಾತಿಗಿಂತ ಕಣ್ಣಿಗೆ ಕಂಡದ್ದು ಲೇಸು ಎಂದು ಸಾಣೆ ಯಂತ್ರ ತಿರುಗಿಸಿದೆ. ನನ್ನ ಕಸದ ಡಬ್ಬಿಯಿಂದ ಒಂದು ಕಬ್ಬಿಣದ ಗುಂಡಿ ತೆಗೆದು ಇಕ್ಕುಳದಲ್ಲಿ ಹಿಡಿದು ಒತ್ತಿದೆ. ಕಿಡಿ ಬೆಂಚಿನ ತುದಿಯ ತನಕ ಹಾರಿತು. ಅದೇ ಡಬ್ಬಿಯ ಹಿತ್ತಾಳೆ ಗುಂಡಿಯೊಂದನ್ನು ಒತ್ತಿದೆ. ಸವೆಯಿತು, ಬಿಸಿಯಾಯಿತು, ಕಿಡಿ ಬರಲಿಲ್ಲ.

"ನಿಮ್ಮಮ್ಮನ ಗುಂಡಿ ಈ ಜಾತಿ. ದೆವ್ವದ ಬಾಯಿಗೆ ಇಂಥದ್ದು ಹಿಡಿಗಟ್ಟಲೆ ಹಾಕಿದ್ರೂ ಬೆಂಕಿ ಹತ್ತೋದಿಲ್ಲ."

ನನಗೆ ಹುರುಪು ಬಂದಿತ್ತು. ಭೂತಗನ್ನಡಿಯಲ್ಲಿ ಗುಂಡಿಯ ಬೆನ್ನು ತೋರಿಸಿದೆ. ಅಂಚಿನ ಸುತ್ತ ಮೂರು ಪಟ್ಟು ಚಿನ್ನದ ನೀರು ಕೊಟ್ಟದ್ದು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಹಾಗೆ ಅಚ್ಚು ಹಾಕಿ ಮೆರೆಯುತ್ತಿದ್ದ ಕಾಲ ಆ ಬೆಂಕಿಗೂ ನೂರು ವರ್ಷ ಹಿಂದಿನದು.

"ಬೆಂಕಿ ಬಿದ್ದ ವಾರ ನಿಮ್ಮಮ್ಮ ಏನು ಆರಿಸ್ತಿದ್ರು?"

"ಮಿಲ್ಟ್ರಿ ಕೋಟು. ಯುದ್ಧ ಮುಗಿದು ಬಂದಿದ್ದು."

"ಮಿಲ್ಟ್ರಿ ಕೋಟಲ್ಲಿ ಮುತ್ತಜ್ಜನ ಕಾಲದ ಶೋಕಿ ಗುಂಡಿ ಇರಲ್ಲ. ಇಂಥವು ನಮ್ಮ ಹೊಲದಲ್ಲಿ ಸೇರಿಗಟ್ಟಲೆ ಬಿದ್ದಿವೆ, ಮಕ್ಕಳು ಆಡೋಕೆ ಆರಿಸ್ಕೊಂಡು ಬರ್ತಾರೆ. ಮೇಸ್ತ್ರಿಗೆ ಅವತ್ತು ಒಂದು ಗುಂಡಿ ಬೇಕಾಗಿತ್ತು, ಜೇಬಲ್ಲೋ ಕಿಟಕೀಲೋ ಇದ್ದದ್ದು ಕೈಗೆ ಸಿಕ್ತು. ಮತ್ತೆ ಈ ಅಂಚು ನೋಡಿ. ಒಂದು ಗೀರೂ ಇಲ್ಲ. ದೆವ್ವ ಇದನ್ನ ಮೂಸಿನೂ ನೋಡಿಲ್ಲ."

ಕಚ್ಚಿದ ಗುರುತಿದೆ ಎಂದು ಅಂಗಳದಲ್ಲಿ ನಿಂತ ಅಷ್ಟೂ ಜನ ನಂಬಿದ್ದರು. ಮೇಸ್ತ್ರಿ ತೋರಿಸಿದ್ದನೇ ಹೊರತು ಯಾರೂ ಇಸಿದುಕೊಂಡು ನೋಡಿರಲಿಲ್ಲ.

"ಬೇರಿಂಗು ಕಾದು ಬೆಂಕಿ ಹತ್ತಿರಬೇಕು. ಅದನ್ನ ನಾನು ಆಣೆ ಮಾಡಿ ಹೇಳಲಾರೆ, ನಂಗೆ ಗೊತ್ತಿರೋದು ಗುಂಡಿ ಮಾತ್ರ. ಆದ್ರೆ ಈ ಗುಂಡಿಯಿಂದ ಅಲ್ಲ. ನಿಮ್ಮಮ್ಮನ ತಪ್ಪಿಲ್ಲ," ಎಂದೆ.

ಇಂಥ ಮಾತಿಗೆ ಜನ ಅಳುತ್ತಾರೆ, ಇಲ್ಲವೇ ಕೈ ಹಿಡಿದುಕೊಳ್ಳುತ್ತಾರೆ ಎಂದು ನಾನು ತಯಾರಾಗಿದ್ದೆ. ಮುರಿಯಲ್ ಎರಡನ್ನೂ ಮಾಡಲಿಲ್ಲ. ಕೋಲಿನ ಮೇಲೆ ಎರಡೂ ಕೈ ಇಟ್ಟು ಗುಂಡಿಯನ್ನೇ ನೋಡುತ್ತಾ ಕೂತಳು.

"ಅವಳು ಹೇಳಿದ್ದೆಲ್ಲಾ ನಿಜ ಹಾಗಾದ್ರೆ," ಎಂದಳು.

"ಹೌದು."

"ಒಂದ್ಸಲ ಮಂಜು ಬೀಳ್ತಿರೋವಾಗ ನಮ್ಮನೆ ಬಾಗ್ಲು ತಟ್ಟಿದ್ಲು. ಕೈಯಲ್ಲಿ ಜಾಮ್ ಬಾಟ್ಲಿ. ಹೆಡ್ಲಿ ಆಗ ಕೆಲಸಕ್ಕೆ ಹೋಗಿದ್ದ, ಒಳಗೆ ಕರೆದಿದ್ರೂ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನಾನು ಬಾಟ್ಲಿ ಈಸ್ಕೊಂಡು ಬಾಗ್ಲು ಹಾಕ್ದೆ."

ನಾನು ಭೂತಗನ್ನಡಿ ಕೆಳಗಿಟ್ಟೆ.

"ಹೆಡ್ಲಿಗೆ ಹೆದರಿ ಹಾಕಿದ್ದಲ್ಲ ಅದು. ಒಬ್ಬನ್ನ ಸಾಯಿಸಿದೋಳು, ಅನುಭವಿಸ್ಲಿ ಅಂತಲೇ ಹಾಕಿದ್ದು. ಇಷ್ಟು ವರ್ಷ ಅದನ್ನೇ ಹಿಡ್ಕೊಂಡಿದ್ದೆ ಕಣಪ್ಪಾ. ತಪ್ಪು ಅವಳದ್ದು, ನಂದಲ್ಲ ಅಂತ."

ಆಯಸ್ಕಾಂತವನ್ನು ಇನ್ನೊಂದು ಸಲ ಹಿಡಿ ಎಂದದ್ದು ಎಚ್ಚರಕ್ಕಲ್ಲ ಎಂದು ನನಗೆ ಆಗ ಅರ್ಥವಾಯಿತು. ಹಿತ್ತಾಳೆಯನ್ನು ಹಿತ್ತಾಳೆ ಎಂದದ್ದಕ್ಕೆ ನಾನು ಯಾವತ್ತೂ ಹೆಮ್ಮೆಪಟ್ಟವನೇ. ಅಂದು ಆಯಸ್ಕಾಂತವನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದೆ.

ಅವಳು ಎದ್ದು, ಗುಂಡಿಯನ್ನು ಮುಟ್ಟದೆ, ಶೆಡ್ಡಿನ ಬಾಗಿಲ ತನಕ ಹೋಗಿ ನಿಂತಳು.

"ಕಬ್ಬಿಣ ಅಂದ್ಬಿಟ್ಟಿದ್ರೆ ನಿನ್ ಗಂಟೇನು ಹೋಗ್ತಿತ್ತು ನಾರ್ಮನ್?" ಎಂದು ಕೇಳಿದಳು.