ಮೂರನೆಯ ಮಂಕು

“ಫ್ಯಾನ್ ಬಂದ್ ಮಾಡಂದ್ನೆಲ್ಲ, ನೇತ್ರಾ!” ದಾನೇಶ್ವರಿ ಎರಡೂ ಅಂಗೈಗಳನ್ನು ದೀಪಕ್ಕೆ ಅಡ್ಡ ಹಿಡಿದು ಕೂಗಿದಳು.

“ಆವಾಗಿಂದ ಬಂದ್ ಐತಿ ಅವ್ವಾ. ಕಿಡಕಿನೂ ಹಾಕೇನಿ,” ಎಂದಳು ಮಗಳು.

ಹಾಗಾದರೆ ದೀಪ ಮಂಕಾದದ್ದು ಹೇಗೆ? ಗಾಳಿ ಬಡಿದ ದೀಪ ಕುಣಿಯುತ್ತದೆ, ಇದು ಕುಣಿಯಲಿಲ್ಲ. ಎಣ್ಣೆ ತುಂಬಿತ್ತು, ಬತ್ತಿ ಹೊಸದು. ಬೆಳಕು ಮೆಲ್ಲಗೆ ಇಳಿಯಿತು, ತುಸು ಹೊತ್ತು ಹಾಗೇ ನಿಂತಿತು, ಮತ್ತೆ ಮೆಲ್ಲಗೆ ಏರಿತು. ಬೆಳಿಗ್ಗೆಯೂ ಹೀಗೇ ಆಗಿತ್ತು. ಇದು ಎರಡನೆಯ ಸಲ. ರಾತ್ರಿ ತೀರಿಕೊಂಡ, ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡ ಶಂಕರಲಿಂಗ ಮಾತ್ರ ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕೂತಿದ್ದ.

ಕಮತಗಿಯ ಅರ್ಧ ಊರಿನ ಮದುವೆಗಳಿಗೆ ಅವನೇ ಫೋಟೋ ತೆಗೆದವನು.

“ನನ್ನ ನಿಕಾದಾಗ ಆಕಾಶದಾಗಿನ ಚಿಕ್ಕಿ ನೋಡಕೋತ ನಿಂತು ನನ್ನ ಫೋಟೋನ ಮರತಬಿಟ್ಟಿದ್ರು,” ಎಂದು ಸ್ಟುಡಿಯೋ ಪಕ್ಕದ ಅಂಗಡಿಯ ಹುಸೇನಸಾಬ ನಗಲು ಹೋಗಿ ಅತ್ತುಬಿಟ್ಟ.

ಮೈದುನ ಸಂಗಮೇಶ ಬಾಗಿಲಲ್ಲಿ ನಿಂತ. “ವೈನಿ, ಕುಣಿ ತೋಡಿ ಮುಗೀತ್ರಿ. ಹೊತ್ತು ಮುಳುಗೂದ್ರಾಗ ಎತ್ತಬೇಕು.”

“ಸ್ವಲ್ಪ ತಡೀರಿ. ಇನ್ನೊಮ್ಮೆ ಆಗಬೇಕು.”

“ಏನ್ ಆಗಬೇಕ್ರಿ?”

ಆಕೆ ದೀಪದ ಕಡೆಗೇ ತಿರುಗಿ ಕೂತಳು. ಹೇಳಿದ್ದರೆ ದುಃಖಕ್ಕೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

*

ಮದುವೆ ಸೀಜನ್ನು ಮುಗಿಯಿತೆಂದರೆ ಶಂಕರಲಿಂಗನಿಗೆ ಕಂಪ್ಯೂಟರಿನ ಜೊತೆಗೇ ಸಂಸಾರವಾಗಿತ್ತು. ದೂರದ ನಕ್ಷತ್ರಗಳ ಬೆಳಕನ್ನು ಅಳೆದು ಉಪಗ್ರಹವೊಂದು ಕಳಿಸುತ್ತಿತ್ತು. ಅದನ್ನು ಯಾರು ಬೇಕಾದರೂ ನೋಡಬಹುದಿತ್ತು. ಬೆಳಕು ಎಲ್ಲಾದರೂ ತುಸು ಇಳಿದಿದೆಯೇ ಎಂದು ಇವನು ಹುಡುಕುತ್ತಿದ್ದ.

“ಅದರಾಗೇನ್ ಸಿಗ್ತೈತ್ರಿ?” ಎಂದು ದಾನೇಶ್ವರಿ ಒಮ್ಮೆ ಕೇಳಿದ್ದಳು.

“ಇನ್ನೊಂದು ಭೂಮಿ. ಭಾಳ ಸುಡಬಾರದು, ಭಾಳ ಥಂಡಿ ಇರಬಾರದು, ನೀರು ನಿಲ್ಲಬೇಕು. ಒಂದು ಚಿಕ್ಕಿ ಎರಡ ಸಲ ಮಂಕಾಗೇತಿ. ಮೂರನೇದಕ್ಕ ಕಾಯಾಕತ್ತೇನಿ.”

“ಮೂರ್ಯಾಕ?”

“ಒಮ್ಮೆ ಆದ್ರ ಯಂತ್ರದ ತಪ್ಪು. ಎರಡ ಸಲ ಆದ್ರೂ ನಂಬಾಕಾಗಾಂಗಿಲ್ಲ. ಮತ್ತ ಅಷ್ಟ ಹೊತ್ತು ಬಿಟ್ಟು ಮೂರನೇ ಸಲ ಆತಂದ್ರ ಖರೆ. ಚಿಕ್ಕಿ ಮುಂದ ಏನೋ ಹಾದ ಹೋಗಾಕತ್ತೈತಿ.”

ಅದನ್ನು ತೋರಿಸಲೆಂದು ಪಡಸಾಲೆಯಲ್ಲಿ ದೀಪ ಹಚ್ಚಿಟ್ಟು, ಎದುರಿಗೆ ತಾನು ಕಾಲು ಚಾಚಿ ಕೂತು, ನಡುವೆ ಹೆಂಡತಿಯನ್ನು ನಡೆಸಿದ. ಒಲೆ ಮೇಲೆ ಸಾರು ಇದೆ ಎಂದು ಗೊಣಗುತ್ತಲೇ ಆಕೆ ದಾಟಿದಳು. ಪ್ರತಿ ಸಲವೂ ಅವನು ಕಾಲು ಮಡಚಿ ದಾರಿ ಬಿಟ್ಟ.

“ಇಲ್ಲಿ ನಾ ದಾಟಿದ್ದು ಕಾಣತೈತಿ. ಅಲ್ಲಿ ದಾಟಿದವರು ಯಾರಂತ ಹೆಂಗ ಗೊತ್ತಾಗ್ತೈತಿ?”

“ಗೊತ್ತಾಗಾಂಗಿಲ್ಲ. ಯಾರೋ ದಾಟಿದ್ರು, ಅಷ್ಟ.”

ಅವನ ಎದೆನೋವು ಶುರುವಾದ ಮೇಲೆ ಆಕೆ ಇನ್ನೊಂದು ಕೇಳಿದ್ದಳು. “ನೀವು ಮೊದಲ ಹೋಗಿಬಿಟ್ರ? ಎಲ್ಲ್ಯರೆ ಅದೀರಂತ ನನಗ ಹೆಂಗ ತಿಳೀಬೇಕು?”

“ದೀಪ ನೋಡಕೋತ ಕೂಡು. ಮೂರ ಸಲ ಎಣಿಸು,” ಎಂದು ನಕ್ಕಿದ್ದ. ಹಾಳಾದ ನಗು! ಆಕೆ ಎರಡು ದಿನ ಮಾತು ಬಿಟ್ಟಿದ್ದಳು.

*

ಕೊನೆಗೂ ಎತ್ತಿದರು. ಹೆಣ ಕೂತಿದ್ದ ಜಾಗದ ದೀಪ ಕಾಯಲು ಒಬ್ಬರು ಬೇಕು. “ನಾ ಇರ್ತೇನಿ. ನೀ ಹೋಗಿ ಅಪ್ಪಗ ಮಣ್ಣು ಕೊಟ್ಟ ಬಾ,” ಎಂದು ನೇತ್ರಾಳನ್ನು ಕಳಿಸಿ, ದಾನೇಶ್ವರಿ ಬಾಗಿಲು ಮುಂದೆ ಮಾಡಿದಳು. ಅಂದು ದೀಪದ ಎದುರು ಅವನು ಕೂತಿದ್ದ ಕಡೆಗೇ ಹೋಗಿ, ಸೋತ ಕಾಲುಗಳನ್ನು ಚಾಚಿ ಕೂತಳು.

ಭಜನೆಯ ತಾಳ ಓಣಿ ದಾಟಿತು, ಆಮೇಲೆ ಕೇಳಿಸಲೇ ಇಲ್ಲ. ಶಿವನೇ, ಇನ್ನೊಂದೇ ಸಲ. ಎಲ್ಲಿಯೋ ಇದ್ದಾನೆಂದು ತಿಳಿದರೆ ಸಾಕು, ಮತ್ತೇನೂ ಕೇಳುವುದಿಲ್ಲ. ಮೊದಲ ಸಲದಿಂದ ಎರಡನೆಯದಕ್ಕೆ ಎಷ್ಟು ಹೊತ್ತಾಗಿತ್ತೋ, ಎರಡನೆಯದಾದ ಮೇಲೂ ಅಷ್ಟೇ ಹೊತ್ತು ಕಳೆಯಿತು.

ಬೆಳಕು ಮೆಲ್ಲಗೆ ಇಳಿಯಿತು.

“ಬಂದ್ರೇನ್ರಿ?” ಎಂದಳು. ಖುಷಿಯಲ್ಲಿ ಮುಂದಕ್ಕೆ ಬಾಗಿದಳು.

ಈ ಸಲ ಬೆಳಕು ಮತ್ತೆ ಏರಲಿಲ್ಲ. ಕೋಣೆ ಮಂಕಾಗಿಯೇ ಉಳಿಯಿತು. ದಾಟುತ್ತಿದ್ದದ್ದು ದೀಪಕ್ಕೂ ಆಕೆಗೂ ನಡುವೆ ನಿಂತುಬಿಟ್ಟಿತ್ತು. ಯಾರೋ ದಾಟಿದ್ರು, ಅಷ್ಟ. ಅವನ ಆ ಮಾತು ಈಗ ನೆನಪಾಗಿ ದಾನೇಶ್ವರಿಯ ಮೈ ತಣ್ಣಗಾಯಿತು. ನಿಂತದ್ದು ಅವನೋ, ಬೇರೆ ಯಾರೋ?

ಮೆಲ್ಲಗೆ ತನ್ನ ಕಾಲುಗಳನ್ನು ಒಳಗೆಳೆದುಕೊಂಡು ದಾರಿ ಬಿಟ್ಟಳು.

ಬೆಳಕು ಏರಿತು.